ಇನ್ನೂರ ಹನ್ನೆರಡನೇ ಪುಟ

ಗಂಗಾವತಿ ಬಸ್ ನಿಲ್ದಾಣದಲ್ಲಿ ಇಳಿದಾಗ ಭವಾನಿಯ ಚೀಲದಲ್ಲಿ ಫ್ರಾನ್ಸಿನ ಇತಿಹಾಸದ ಒಂದು ಹಳೇ ಪುಸ್ತಕವಿತ್ತು. ಅದರಲ್ಲಿದ್ದದ್ದು ಒಟ್ಟು ನೂರ ತೊಂಬತ್ತೆಂಟು ಪುಟ. ಸಂಜೆ ಐದರೊಳಗೆ ಆಕೆ ತೋರಿಸಬೇಕಾಗಿದ್ದದ್ದು ಅದೇ ಪುಸ್ತಕದ ಇನ್ನೂರ ಹನ್ನೆರಡನೇ ಪುಟವನ್ನು.

ಆಗಲೇ ಮೂರೂವರೆ ಆಗಿತ್ತು. ತಾವರಗೇರಾ ಬಿಟ್ಟಾಗಿನಿಂದ ಕನಕಗಿರಿ ದಾಟುವವರೆಗೆ ಆಕೆ ಫೋನಿನಲ್ಲಿ ಒಂದೇ ವಾಕ್ಯವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ದಳು. 'ಸರ್, ಆ ಪುಟ ಇಲ್ಲ.' ಈ ನಾಲ್ಕು ಪದ ಕಳಿಸಲು ಧೈರ್ಯವಿಲ್ಲದವಳು ನಾಲ್ಕು ವರ್ಷದಿಂದ ವಿಶ್ವಕೋಶ ಬರೆಯುತ್ತಿದ್ದಳು. ಕಡೆಗೆ 'ನಾನೇ ಬರ್ತೀನ್ರಿ ಸರ್' ಎಂದಷ್ಟೇ ಕಳಿಸಿದಳು. ಅತ್ತ ಕಡೆ, ವಿಶ್ವಕೋಶದಲ್ಲಿ ಆಕೆಯ ಜೊತೆಗಾರರಾದ ಪ್ರಭುರಾಜ, ಆ ಪುಟ ತೋರಿಸಲು ಪುಸ್ತಕವನ್ನೇ ಹೊತ್ತು ತರುತ್ತಿದ್ದಾಳೆ ಎಂದುಕೊಂಡು ತಮ್ಮ ಮನೆಯ ಗುರುತು ಬರೆದು ಕಳಿಸಿದರು. 'ಭಾಳ ಉಪಕಾರ ಆತ್ರಿ ಮೇಡಂ' ಎಂದೂ ಸೇರಿಸಿದ್ದರು. ಅದನ್ನು ಓದಿ ಆಕೆ ಫೋನನ್ನು ಚೀಲದೊಳಗೆ ತುರುಕಿದ್ದಳು.

ಭವಾನಿ ತಾವರಗೇರಾದ ಗ್ರಂಥಾಲಯ ನೋಡಿಕೊಳ್ಳುವವಳು. ನಾಲ್ಕು ವರ್ಷದ ಹಿಂದೆ ಕೊಪ್ಪಳದಲ್ಲಿ, ಅಂತರಜಾಲದ ಕನ್ನಡ ವಿಶ್ವಕೋಶಕ್ಕೆ ಪುಕ್ಕಟೆ ಬರೆಯುವವರ ಶಿಬಿರ ನಡೆದಿತ್ತು. ವಿಷಯಗಳನ್ನು ಚೀಟಿ ಎತ್ತಿ ಹಂಚಿದರು. ಪಕ್ಕದವರಿಗೆ ಆನೆಗೊಂದಿ ಬಂತು, ಅದರಾಚೆಯವರಿಗೆ ಕಿನ್ನಾಳದ ಗೊಂಬೆ ಬಂತು. ಭವಾನಿಯ ಚೀಟಿಯಲ್ಲಿ 'ಹದಿನಾರನೇ ಶತಮಾನದ ಫ್ರಾನ್ಸಿನ ಸರದಾರ ಮನೆತನಗಳು' ಎಂದಿತ್ತು. ಜನ ನಕ್ಕರು. ಆ ನಗುವಿಗೆ ರೊಚ್ಚಿಗೆದ್ದೇ ಆಕೆ ಮೊದಲ ಲೇಖನ ಬರೆದದ್ದು. ಬರೆಯುತ್ತ ಬರೆಯುತ್ತ ರುಚಿ ಹತ್ತಿತು. ಜಗಳ, ಮದುವೆ, ಪಾಲು, ಮುನಿಸು, ಎಲ್ಲ ತಮ್ಮ ಓಣಿಯ ಗೌಡರ ಮನೆಯ ಹಾಗೆಯೇ ಇತ್ತು.

ಎರಡನೇ ವಾರಕ್ಕೆ ಗಂಗಾವತಿಯ ಪ್ರಭುರಾಜ ಎಂಬವರು ಆಕೆಯ ಲೇಖನದಲ್ಲಿ ಒಂದು ಇಸವಿ ತಿದ್ದಿದರು. ಅಂದಿನಿಂದ ಇಬ್ಬರೂ ಜೋಡಿ. ಆಕೆ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಗೀಚಿ, ಹಾಳೆಯ ಫೋಟೋ ಕಳಿಸುವುದು. ಅವರು ಅದನ್ನು ಟೈಪ್ ಮಾಡಿ, ಆಧಾರ ಜೋಡಿಸಿ, ತಮ್ಮ ಖಾತೆಯಿಂದ ಏರಿಸುವುದು. ಹೀಗೆ ಅರವತ್ತೊಂದು ಲೇಖನಗಳಾದವು. ಅವರು ಒಮ್ಮೆಯೂ ಫೋನ್ ಎತ್ತಿದವರಲ್ಲ, ಮೆಸೇಜು ಮಾತ್ರ. ಕೆಲಸವೂ ನಿಧಾನ. 'ಒಂದ್ ಪುಟಕ್ಕ ಮೂರು ದಿನ ಬೇಕೇನ್ರಿ ಸರ್?' ಎಂದು ಆಕೆ ಚುಚ್ಚಿದ್ದೂ ಉಂಟು. 'ತಡಾ ಆಕ್ಕೈತ್ರಿ ಮೇಡಂ, ಕ್ಷಮಿಸ್ರಿ' ಎನ್ನುತ್ತಿದ್ದರು. ಗಂಗಾವತಿಯಲ್ಲಿ ಅಂಗಡಿಯೋ ಏನೋ ಇದ್ದೀತು, ಸೊಕ್ಕು ಇರಬೇಕು ಎಂದು ಆಕೆ ಸುಮ್ಮನಾಗಿದ್ದಳು.

ಎಡವಿದ್ದು ಮೊರ್ವಾಲ್ ಎಂಬ ಮನೆತನದಲ್ಲಿ. ಅಲ್ಲಿ ಆಂಟ್ವಾನ್ ಹೆಸರಿನವರು ಇಬ್ಬರು, ಅಜ್ಜ ಮತ್ತು ಮೊಮ್ಮಗ. ಮೊಮ್ಮಗ ಹುಟ್ಟಿದ ವರ್ಷ 1548 ಎಂದು ಸಿಕ್ಕಿತು. ಅಜ್ಜ ಸತ್ತದ್ದು ಯಾವಾಗ ಎಂದು ಎಲ್ಲೂ ಸಿಗಲಿಲ್ಲ. ಭವಾನಿಗೆ ಅದೊಂದು ಪ್ರಶ್ನೆ ಅನ್ನಿಸಲೇ ಇಲ್ಲ. ಕೂಸಿಗೆ ಅಜ್ಜನ ಹೆಸರು ಇಟ್ಟಿದ್ದಾರೆ ಎಂದರೆ ಅಜ್ಜ ತೀರಿಕೊಂಡಿದ್ದಾನೆ. ಬದುಕಿರುವ ಹಿರಿಯನ ಹೆಸರನ್ನು ತೊಟ್ಟಿಲಿಗೆ ಹಾಕಿದ್ದನ್ನು ಆಕೆ ತನ್ನ ಮನೆಯಲ್ಲಾಗಲಿ, ಕಂಡವರ ಮನೆಯಲ್ಲಾಗಲಿ ನೋಡಿರಲಿಲ್ಲ. '1548ಕ್ಕಿಂತ ಮೊದಲೇ ಮರಣ' ಎಂದು ಕಳಿಸಿದಳು. 'ಆಧಾರ ಯಾವುದ್ರಿ ಮೇಡಂ?' ಎಂದು ಪ್ರಭುರಾಜ ಕೇಳಿದರು. ಗ್ರಂಥಾಲಯದ ಬಾಗಿಲು ಹಾಕುವ ಹೊತ್ತು ಅದು. ಕಣ್ಣೆದುರಿಗಿದ್ದ ಪುಸ್ತಕದ ಹೆಸರು ಬರೆದು, ಬಾಯಿಗೆ ಬಂದ ಪುಟ ಹಾಕಿದಳು.

ಅಜ್ಜ ಸತ್ತ ಮೇಲೆ ಇನ್ನೇನು, ಆಂಟ್ವಾನನ ಸಾಹಸಗಳೆಲ್ಲ ಮೊಮ್ಮಗನ ಪಾಲಿಗೆ ಹೋದವು. ಕಳೆದ ವಾರ ವಿಶ್ವಕೋಶದ ನಿರ್ವಾಹಕರೊಬ್ಬರು ಎಲ್ಲರೂ ಓದುವ ಚರ್ಚಾಪುಟದಲ್ಲಿ ಬರೆದರು: 'ಇಲ್ಲಿ ಹನ್ನೊಂದು ವರ್ಷದ ಹುಡುಗ ಕೋಟೆಗೆ ಮುತ್ತಿಗೆ ಹಾಕಿದ್ದಾನೆ. ಅದೇ ವರ್ಷ, ಎಂದೋ ಸತ್ತ ಅಜ್ಜ ಮಗಳ ಮದುವೆಯ ಪತ್ರಕ್ಕೆ ಸಹಿ ಹಾಕಿದ್ದಾನೆ. ಪುಟ 212ರ ಚಿತ್ರ ಏಳು ದಿನದೊಳಗೆ ಕೊಡಿ. ಇಲ್ಲವಾದರೆ ಲೇಖನ ಏರಿಸಿದ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಿ, ಅದರಿಂದ ಬಂದ ಲೇಖನಗಳನ್ನೆಲ್ಲ ತೆಗೆಯಲಾಗುವುದು.' ಅದರ ಕೆಳಗೆ ಪ್ರಭುರಾಜ ಅಂದೇ ಉತ್ತರಿಸಿದ್ದರು: 'ಪುಟ ಇದೆ. ನನ್ನ ಜೊತೆ ಕೆಲಸ ಮಾಡುವವರು ಸುಳ್ಳು ಬರೆಯುವವರಲ್ಲ.'

ಆ ಸಾಲನ್ನು ಓದಿದ ದಿನವೇ ಆಕೆ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೋದ ವರ್ಷವಷ್ಟೇ ಕೊಪ್ಪಳದ ವೇದಿಕೆಯಲ್ಲಿ ಇದೇ ಕೆಲಸಕ್ಕೆ ಶಾಲು ಹೊದಿಸಿಕೊಂಡು ಬಂದಿದ್ದಳು. ಏನಾದರೂ ಪವಾಡ ಆದೀತು, ನಿರ್ವಾಹಕರು ಮರೆತಾರು ಎಂದು ಆರು ದಿನ ದೂಡಿದಳು. ಏಳನೆಯದು ಇಂದು.

ಬಾಗಿಲು ತೆರೆದವಳು ಪ್ರಭುರಾಜರ ಹೆಂಡತಿ ಮಹೇಶ್ವರಿ. "ಬರ್ರಿ ಅಕ್ಕಾರ, ಬರ್ರಿ. ಮೆಸೇಜು ಬಂದಾಗಿಂದ ನಿಮ್ಮ ದಾರಿನ ಕಾಯಾಕತ್ತ್ಯಾರ. ಗಡ್ಡ ಮಾಡಸ್ಕೊಂಡು, ಇಸ್ತ್ರಿ ಅಂಗಿ ಹಾಕಿಸ್ಕೊಂಡು ಕುಂತಾರ ನೋಡ್ರಿ."

ಒಳಗೆ, ಕಿಟಕಿಯ ಪಕ್ಕದ ಮಂಚದ ಮೇಲೆ ಪ್ರಭುರಾಜರನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದರು. ಐವತ್ತರ ಆಸುಪಾಸಿನ ಮನುಷ್ಯ. ಬಾಯಿ ಒಂದು ಕಡೆ ವಾಲಿತ್ತು. ಬಲಗೈಯನ್ನು ಯಾರೋ ಎತ್ತಿ ತೊಡೆಯ ಮೇಲೆ ಇಟ್ಟಂತಿತ್ತು. ಎಡಗೈಯಲ್ಲಿ ಫೋನು. ಭವಾನಿಯನ್ನು ಕಂಡು ಅವರ ಗಂಟಲಿನಿಂದ ಏನೋ ದನಿ ಬಂತು.

"'ಬರ್ರಿ ಮೇಡಂ' ಅನ್ನಾಕತ್ತ್ಯಾರ್ರಿ" ಎಂದಳು ಮಹೇಶ್ವರಿ. "ನಿಮಗ ಹೇಳಿಲ್ಲೇನ? ಲಕ್ವಾ ಹೊಡೆದು ಐದು ವರ್ಷ ಆತ್ರಿ. ದವಾಖಾನ್ಯಾಗಿಂದ ಬಂದಮ್ಯಾಲೆ ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ಟಿದ್ರು, ಉಣ್ಣಾಕೂ ಏಳ್ತಿದ್ದಿಲ್ಲ. ಈ ಬರಿಯೂದು ಹತ್ತಿದಮ್ಯಾಲೆ ಎದ್ದು ಕುಂತಾರ. ಒಂದ ಹೆಬ್ಬಟ್ಟು ನೋಡ್ರಿ, ಅದ್ರಾಗ ಎಲ್ಲಾ ಬರೀಬೇಕು. ಒಂದ್ ಹಾಳಿಗೆ ಮೂರು ದಿನ ಹಿಡೀತೈತಿ."

ಭವಾನಿ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ತಾನು ಚುಚ್ಚಿದ ಒಂದೊಂದು ಮೆಸೇಜೂ ನೆನಪಾಯಿತು.

ಮಹೇಶ್ವರಿ ಒಗ್ಗರಣೆ ಹಾಕಿದ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟಳು. ಪ್ರಭುರಾಜ ಅದರ ಕಡೆ ನೋಡಲಿಲ್ಲ. ಭವಾನಿಯ ಚೀಲವನ್ನೇ ನೋಡುತ್ತಿದ್ದರು. "ಪು... ಟಾ" ಎಂದರು. ಇದು ಭವಾನಿಗೂ ಅರ್ಥವಾಯಿತು. ಆಕೆ ಪುಸ್ತಕ ತೆಗೆದು ಮಂಚದ ಮೇಲಿಟ್ಟಳು. ಅವರು ಎಡಗೈಯಿಂದ ತಿರುವುತ್ತ, ಎದೆಗೆ ಆನಿಸಿಕೊಂಡು ಮತ್ತೆ ತಿರುವುತ್ತ, ಕೊನೆಯ ಹಾಳೆಗೆ ಬಂದರು. ನೂರ ತೊಂಬತ್ತೆಂಟು. ಮುಂದೆ ರಟ್ಟು. ರಟ್ಟನ್ನೂ ತಿರುವಿ ನೋಡಿದರು.

"ಇಲ್ರಿ ಸರ್" ಎಂದಳು ಭವಾನಿ. "ಆ ಪುಟ ಇಲ್ಲ. ನಾ ಸುಳ್ಳು ಬರದೆ. ಕೂಸಿಗೆ ಮುತ್ಯಾನ ಹೆಸರು ಇಟ್ಟಾರಂದ್ರ ಮುತ್ಯಾ ಹೋಗ್ಯಾನ ಅಂತ ತಿಳಕೊಂಡೆ. ನೀವು ಆಧಾರ ಕೇಳಿದ್ರಿ, ಸುಮ್ನ ಒಂದ್ ನಂಬರ್ ಹಾಕಿಬಿಟ್ಟೆ."

ಪ್ರಭುರಾಜ ಪುಸ್ತಕವನ್ನು ಮುಚ್ಚಿಟ್ಟರು. ಆಮೇಲೆ ಮಹೇಶ್ವರಿಯೇ ಗಂಡನಿಗೆ, "ಅವರು ತಿಳಕೊಂಡಿದ್ದು ಖರೇನ ಐತಲ್ರಿ? ಮಾವ ಬದುಕಿರಾಗ ಸೊಸಿ ಆ ಹೆಸರು ಹಿಡಿದು ಕೂಸಿನ್ನ ಹೆಂಗ ಕರೀತಾಳ? ಅದು ಅತ್ತರ ಹೆಂಗ ಬೈತಾಳ? ಆ ದೇಶದ ಮಂದಿಗೆ ಅಷ್ಟೂ ತಿಳಿಯಂಗಿಲ್ಲೇನ?" ಎಂದಳು. ಪಾಪ, ಆಕೆ ಮನಸಾರೆ ಕೇಳಿದ್ದಳು.

ಭವಾನಿ ತನ್ನ ಫೋನು ತೆಗೆದಳು. ಚರ್ಚಾಪುಟದಲ್ಲಿ ತನ್ನ ಹೆಸರು ಹಾಕಿ, ಈ ಸಲ ಅಳಿಸದೆ ಬರೆದಳು: 'ಪುಟ 212 ಇಲ್ಲ. ಸುಳ್ಳು ಕೊಟ್ಟವಳು ನಾನು. ಅವರದೇನೂ ತಪ್ಪಿಲ್ಲ. ನನ್ನ ಖಾತೆ ಮುಚ್ಚಿ, ಅವರದನ್ನು ಬಿಡಿ.' ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷ ಕಡಿಮೆಯಿತ್ತು. ಬಿಟ್ಟಾರು, ಬಿಟ್ಟೇ ಬಿಡುತ್ತಾರೆ, ಇಷ್ಟಾದರೂ ಕರುಣೆ ಇರದೇ ಇದ್ದೀತೇ ಎಂದು ಆಕೆಯ ಜೀವ ಬಡಿದುಕೊಳ್ಳುತ್ತಿತ್ತು.

ಹತ್ತು ನಿಮಿಷಕ್ಕೆ ಉತ್ತರ ಬಂತು. 'ಮೊದಲ ದಿನವೇ ಹೇಳಿದ್ದರೆ ಆ ಒಂದು ಸಾಲನ್ನು ತಿದ್ದಿ ಮುಗಿಸುತ್ತಿದ್ದೆವು. ಏಳು ದಿನ ಸುಮ್ಮನಿದ್ದಿರಿ. ಅವರು ಪುಟ ಇದೆ ಎಂದು ಬರೆದೂ ಕೊಟ್ಟರು. ಈಗ ಉಳಿದ ಅರವತ್ತನ್ನು ಯಾರು ನಂಬಬೇಕು?'

"ಏನಂತ್ರಿ?" ಎಂದು ಮಹೇಶ್ವರಿ ಕೇಳಿದಳು. ಭವಾನಿ ಫೋನನ್ನು ಪ್ರಭುರಾಜರ ಮುಂದೆ ಹಿಡಿದಳು. ಅವರು ಓದಿದರು. ಕೆಳಗಿನಿಂದ ಮೇಲೆ ಹೋಗಿ ಇನ್ನೊಮ್ಮೆ ಓದಿದರು.

ಐದು ಹೊಡೆದ ಮೇಲೆ ಶುರುವಾಯಿತು. ಅರವತ್ತೊಂದು ಲೇಖನಗಳ ಹೆಸರನ್ನು ಪ್ರಭುರಾಜ ಒಂದೇ ಪುಟದಲ್ಲಿ ಪಟ್ಟಿ ಮಾಡಿಟ್ಟುಕೊಂಡಿದ್ದರು. ಎಲ್ಲ ನೀಲಿ ಅಕ್ಷರ. ತೆಗೆದುಹಾಕಿದ ಲೇಖನದ ಹೆಸರು ಕೆಂಪಾಗುತ್ತದೆ. ಅವರು ಹೆಬ್ಬೆರಳಿನಿಂದ ತೆರೆಯನ್ನು ಕೆಳಗೆ ಎಳೆದರು, ಮೂರು ಕೆಂಪಾಗಿದ್ದವು. ಇನ್ನೊಮ್ಮೆ ಎಳೆದರು, ಒಂಬತ್ತು. ಭವಾನಿ, "ಬ್ಯಾಡ್ರಿ ಸರ್, ನೋಡಬ್ಯಾಡ್ರಿ" ಎಂದು ಕೈ ಚಾಚಿದಳು. ಅವರು ಫೋನನ್ನು ಆಚೆ ತಿರುಗಿಸಿಕೊಂಡರು. ಮಹೇಶ್ವರಿ ಗಂಡನ ಬೆನ್ನ ಹಿಂದೆ ನಿಂತು, ಓದಲು ಬಾರದ ಆ ಹೆಸರುಗಳ ಬಣ್ಣ ಬದಲಾಗುವುದನ್ನು ನೋಡುತ್ತ ಸೆರಗು ಬಾಯಿಗೆ ಇಟ್ಟುಕೊಂಡಳು.

ಆರಕ್ಕೆ ಹತ್ತು ನಿಮಿಷ ಇರುವಾಗ ನೀಲಿ ಒಂದೂ ಉಳಿದಿರಲಿಲ್ಲ.

ಭವಾನಿ ಅಳುತ್ತಿದ್ದಳು. ಕ್ಷಮೆ ಕೇಳಬೇಕು, ಎದ್ದು ಹೋಗಬೇಕು, ಕಡೇ ಬಸ್ಸು ಸಿಗುತ್ತದೋ ಇಲ್ಲವೋ, ಏನೂ ತೋಚಲಿಲ್ಲ. ಪ್ರಭುರಾಜ ತಲೆ ತಗ್ಗಿಸಿ ಫೋನಿನಲ್ಲಿ ಏನೋ ಒತ್ತುತ್ತಿದ್ದರು. ಒಂದು ಅಕ್ಷರ, ತುಸು ಬಿಡುವು, ಮತ್ತೊಂದು ಅಕ್ಷರ. ತಪ್ಪಾಯಿತು, ಅಳಿಸಿದರು, ಮತ್ತೆ ಒತ್ತಿದರು. ತನಗೆ ಬೈಗುಳವೇ ಇರಬೇಕು, ಬೈಯಲಿ, ಬೈದರೆ ಸಾಕು ಎಂದು ಆಕೆ ಕಾದಳು.

ಆಕೆಯ ಫೋನು ಸಣ್ಣಗೆ ನಡುಗಿತು.

'ಹಂಗಾರ ಮುತ್ಯಾ ಯಾವಾಗ ಸತ್ತನ್ರಿ ಮೇಡಂ?'

ಆಕೆ ತಲೆ ಎತ್ತಿದಳು. ಅವರು ಆಕೆಯನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದರು, ಹೆಬ್ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು.