ಮಾತಲ್ಲ, ಸಪ್ಪಳ

ನಮ್ಮ ಅತ್ತೆ ಪದ್ಮವ್ವ ನನಗೆ ಏನಾದರೂ ಹೇಳಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಕಂಬಾ, ನೀರು ಕಾದಾವೇನು ಕೇಳು." "ಕಂಬಾ, ಅಕ್ಕಿ ಆರಿಸೂದು ಮುಗೀತು, ಮೊರಾ ಒಯ್ಯಾಕ ಹೇಳು." ನಾನು ಅಲ್ಲೇ, ಕೈಯಳತೆಯಲ್ಲಿ ನಿಂತಿರುತ್ತಿದ್ದೆ. ಖಾನಾಪುರದ ಅಡವಿಯ ಸಾಗವಾನಿ ಕಂಬ ಅದು. ಅದಕ್ಕೇನು ಕಿವಿ ಇದೆಯೇ, ಕಾಲಿದೆಯೇ? ನೀರು ತರುವವಳು ನಾನು, ಮೊರ ಒಯ್ಯುವವಳು ನಾನು. ಹೆಸರು ಮಾತ್ರ ಕಂಬದ್ದು!

ಮೊದಲು ಹೀಗಿರಲಿಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಗೂ ನನಗೂ ಮಾತೇ ಮಾತು. ಒಲೆಯ ಮುಂದೆ ಮಾತು, ಬಾವಿಯ ಕಟ್ಟೆಯಲ್ಲಿ ಮಾತು, ಬಸದಿಗೆ ಹೋಗುವ ದಾರಿಯಲ್ಲೂ ಮಾತು. ಅವರ ಕಣ್ಣಿಗೆ ಮೋತಿಬಿಂದು ಬಂದು ಮಬ್ಬಾದ ಮೇಲಂತೂ ಬೀದಿಯಲ್ಲಿ ಯಾರು ಹೋದರು, ಯಾವ ಸೀರೆ ಉಟ್ಟಿದ್ದರು, ಎಲ್ಲ ನಾನೇ ಹೇಳಬೇಕು. ಮಾವ ತವನಪ್ಪನವರು ಭತ್ತದ ವ್ಯಾಪಾರ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು, "ಏ, ನಿಮ್ಮಿಬ್ಬರ ಬಾಯಿಗೆ ಸೂಟಿ ಅನ್ನೂದು ಐತೋ ಇಲ್ಲೋ?" ಎಂದು ನಗುತ್ತಿದ್ದರು.

ಆಮೇಲೆ ಆ ದೊಡ್ಡ ಜ್ವರ ಬಂತು. ಮನೆಮನೆಯಲ್ಲೂ ಹೆಣ ಬಿತ್ತು. ನನ್ನ ಗಂಡ ಭರಮಪ್ಪನಿಗೆ ಎಚ್ಚರ ತಪ್ಪಿದ ದಿನ ನಾವು ಬಸದಿಗೆ ಓಡಿ ಪದ್ಮಾವತಿ ದೇವಿಯ ಮುಂದೆ ನಿಂತೆವು. ನಮ್ಮವರಲ್ಲಿ ಪದ್ಧತಿ ಅದು: ಜೀವಕ್ಕೆ ಬಂದಾಗ ತಮಗೆ ಪ್ರೀತಿಯಾದದ್ದನ್ನು ಬಿಡುತ್ತೇನೆಂದು ನೇಮ ಹಿಡಿಯುವುದು. ಮಾವ ಎಲೆ ಅಡಿಕೆ ಬಿಟ್ಟರು. ನಾನು ಮಾವಿನಹಣ್ಣು ಬಿಟ್ಟೆ. ಅತ್ತೆ ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ಮಾವ ಅವರ ಬೆನ್ನಿಗೇ ನಿಂತಿದ್ದರು, ನಾನು ಬಾಗಿಲ ಹತ್ತಿರ. ಏನು ಬಿಟ್ಟಿರಿ ಎಂದು ಕೇಳುವ ಹೊತ್ತೇ ಅದು? ಅಷ್ಟಾದರೂ ಗಂಡ ಬಹಳ ದಿನ ಉಳಿಯಲಿಲ್ಲ.

ಬಸದಿಯಿಂದ ತಿರುಗಿ ಬಂದ ಗಳಿಗೆಯಿಂದಲೇ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಮೊದಲು ದುಃಖ ಎಂದುಕೊಂಡೆ. ತಿಂಗಳು ಕಳೆಯಿತು, ವರ್ಷ ಕಳೆಯಿತು, ಆಗ ತಿಳಿಯಿತು, ಇದು ಸಿಟ್ಟು. ನನ್ನ ಕಾಲ್ಗುಣಕ್ಕೆ ಮಗ ಹೋದ ಅಂತ ಊರು ಅನ್ನುತ್ತಿತ್ತು, ಇವರೂ ಅದನ್ನೇ ನಂಬಿದ್ದಾರೆ. ಇನ್ನೊಂದನ್ನೂ ನಾನು ಗಮನಿಸಿದ್ದೆ. ಅತ್ತೆ ಬೆಲ್ಲ ತಿನ್ನುತ್ತಿದ್ದರು, ತುಪ್ಪ ತಿನ್ನುತ್ತಿದ್ದರು, ಮಾವಿನಹಣ್ಣನ್ನಂತೂ ಚೀಪಿ ಚೀಪಿ ತಿನ್ನುತ್ತಿದ್ದರು. ಹೆತ್ತ ಮಗನಿಗಾಗಿ ಒಂದು ಚೂರು ಬೆಲ್ಲ ಬಿಡಲಾಗಲಿಲ್ಲ, ನನ್ನ ಮೇಲೆ ಮಾತ್ರ ಈ ಹಟ!

ಮೈದುನ ಪಾಯಪ್ಪನ ಮದುವೆಯಾಗಿ ನೆಗೆಣ್ಣಿ ಸುಂದರಾಬಾಯಿ ಬಂದಳು. ಅವಳ ಜೊತೆ ಅತ್ತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ನಾನು ಒಳಗೆ ಪಾತ್ರೆ ತಿಕ್ಕುತ್ತ ಅವರ ನಗು ಕೇಳುತ್ತಿದ್ದೆ. ಜನ ತುಂಬಿದ ಮನೆಯಲ್ಲಿ ಒಬ್ಬಳೇ ಇರುವುದು ಎಂದರೇನೆಂದು ನನ್ನನ್ನು ಕೇಳಬೇಕು. ಎಷ್ಟೋ ದಿನ ಸಂಜೆಯಾದರೂ ನನ್ನ ಬಾಯಿಂದ ಒಂದು ಮಾತೂ ಹೊರಟಿರುತ್ತಿರಲಿಲ್ಲ. ನನ್ನ ದನಿಯೇ ನನಗೆ ಮರೆತುಹೋಗುತ್ತದೆಯೇನೋ ಎಂದು ಹೆದರಿಕೆಯಾಗಿ ಬಾವಿಗೆ ಬಗ್ಗಿ ನನ್ನ ಹೆಸರನ್ನು ನಾನೇ ಕೂಗಿದ್ದುಂಟು.

ಬೆಳಗಾವಿಯಲ್ಲಿ ಕಾಂಗ್ರೆಸ್ ಸಭೆಯಾದ ಮರುವರ್ಷ ನನ್ನ ಅಣ್ಣ ಪದ್ಮಾಕರ ಬಂದ. ಅವನು ಅಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನ. ಬಂದವನೇ ಮಾವನ ಮುಂದೆ ಕೂತು ಹೇಳಿದ: "ಬೆಳಗಾವಿ ಕ್ಯಾಂಪಿನಾಗ ಹೆಣ್ಣಮಕ್ಕಳ ದವಾಖಾನಿ ಐತ್ರಿ. ಗಂಡ ಇಲ್ಲದವರಿಗೆ ನರ್ಸ್ ಕೆಲಸ ಕಲಿಸ್ತಾರ, ಇರಾಕ ಜಾಗಾ, ಊಟ ಅವರದ. ಡಾಕ್ಟರಬಾಯಿ ವಿಲಾಯತಿಯವರು. ಅವರು ಏನ ಮಾಡಾಕತ್ತಾರ ಅಂತ ಮುಂದ ನಿಂತಾಕಿ ಇಂಗ್ಲಿಷಿನಾಗ ಹೇಳಬೇಕು, ಅಷ್ಟ ಬಂದ್ರ ತಗೊಳ್ತಾರ. ದೀಪಾವಳಿ ಆದಮ್ಯಾಲ ಪರೀಕ್ಷಾ."

"ರಗತ ಮುಟ್ಟೂ ಕೆಲಸ," ಎಂದು ಮಾವ ಮುಖ ಸಿಂಡರಿಸಿದರು.

ಆಗ ಮೂಲೆಯಿಂದ ಅತ್ತೆಯ ದನಿ ಬಂತು. "ಕಂಬಾ, ಆಕಿಗೆ ಹೇಳು. ಹೋಗಲಿ."

ನೋಡಿ, ನನ್ನನ್ನು ಮನೆಯಿಂದ ಕಳಿಸಲು ಎಷ್ಟು ಅವಸರ! ಆದರೆ ನನಗೆ ಬೇಕಾಗಿದ್ದೂ ಅದೇ. ಪಾಸಾದರೆ ನಾಲ್ಕು ಜನ ಹೆಸರು ಹಿಡಿದು ಕರೆಯುವ ಜಾಗ. ಇಲ್ಲದಿದ್ದರೆ ಸಾಯುವವರೆಗೂ ಈ ಕಂಬ.

ಅಣ್ಣ ಕಲಿಸಿದ ರೀತಿ ಸುಲಭದ್ದು. "ಹೀರಾ, ಕೈ ಮಾಡ್ತಿರಬೇಕು, ಬಾಯಿ ಹೇಳ್ತಿರಬೇಕು. ಕೈ ನಿಂತ್ರ ಬಾಯಿ ನಿಲ್ಲಬೇಕು. ಮಾಡಲಾರದ್ದನ್ನ ಮಾಡಾಕತ್ತೀನಿ ಅಂದ್ರ ಅದು ಸುಳ್ಳು ಆತು." ಸುಳ್ಳು ಎಂಬ ಮಾತು ನಮ್ಮವರಿಗೆ ಸಣ್ಣದಲ್ಲ. ಅಂದಿನಿಂದ ನಾನು ಮಾಡುತ್ತಲೇ ಹೇಳಿದೆ, ಹೇಳುತ್ತಲೇ ಮಾಡಿದೆ. ನೀರು ಸೋಸುವಾಗ "ಆಯ್ ಆಮ್ ಫಿಲ್ಟರಿಂಗ್ ವಾಟರ್." ರೊಟ್ಟಿ ಬಡಿಯುವಾಗ "ಆಯ್ ಆಮ್ ಮೇಕಿಂಗ್ ಬ್ರೆಡ್." ಕಸ ಗುಡಿಸುವಾಗ "ಆಯ್ ಆಮ್ ಸ್ವೀಪಿಂಗ್." ಬಾವಿಗೆ ಹೊರಟರೆ "ಆಯ್ ಆಮ್ ಗೋಯಿಂಗ್." ಹಾಲು ತರುತ್ತಿದ್ದ ಮರಾಠಿ ಮುದುಕಿ ಎರಡು ದಿನ ಕೇಳಿ, ನನಗೆ ಏನೋ ಮೆಟ್ಟಿಕೊಂಡಿದೆ ಎಂದು ಹೊಸಲಿನ ಹೊರಗೇ ಚೊಂಬಿಟ್ಟು ಓಡತೊಡಗಿದಳು. ಓಡಲಿ ಬಿಡಿ, ನನಗೇನು! ಎಷ್ಟು ವರ್ಷದ ಮೇಲೆ ನನ್ನ ದನಿ ಆ ಮನೆಯಲ್ಲಿ ಓಡಾಡುತ್ತಿತ್ತು.

ಸುಂದರಾಬಾಯಿಗೆ ಮಾತ್ರ ತಲೆಚಿಟ್ಟು ಹಿಡಿಯಿತು. "ಅತ್ತಿ, ಇಡೀ ದಿನ ಅಕ್ಕಾರು ನಿಮ್ಮ ಮುಂದ ಏನರ ಮಾತಾಡ್ತಾನ ಇರ್ತಾರ. ಸಾಕ ಅನ್ರಿ."

ಅತ್ತೆ ಅಕ್ಕಿಯಲ್ಲಿ ಕೈಯಾಡಿಸುತ್ತಲೇ, "ಅದು ಮಾತಲ್ಲ, ಸುಂದರಾ. ಸಪ್ಪಳ. ಇರಲಿ ಬಿಡು," ಎಂದರು.

ಸಪ್ಪಳವಂತೆ! ಬೀಸುವ ಕಲ್ಲಿನದು, ಗಡಿಗೆಯದು, ಅದರ ಸಾಲಿಗೆ ನನ್ನದು. ಆ ದಿನ ರೊಟ್ಟಿಯನ್ನು ನಾನು ಎಷ್ಟು ಜೋರಾಗಿ ಬಡಿದೆನೆಂದರೆ ಎಲ್ಲವೂ ಹರಿದುಹೋದವು.

ನನ್ನ ಕೆಲಸ ಹೇಳಲು ನಾನೊಬ್ಬಳೇ ಸಾಕು. ಎದುರಿನವರ ಕೆಲಸ ಹೇಳಲು ಎದುರಿಗೆ ಯಾರಾದರೂ ಬೇಕಲ್ಲ? ಸುಂದರಾಬಾಯಿ ನನ್ನನ್ನು ಕಂಡರೆ ಎದ್ದು ಹೋಗುತ್ತಿದ್ದಳು. ಉಳಿದವರು ಅತ್ತೆ. ಅವರ ಮುಂದೆ ಕೂತು, ಮಾತಾಡದವರ ಮುಖ ನೋಡುತ್ತ ಹೇಳಿದೆ. "ಯು ಆರ್ ಕ್ಲೀನಿಂಗ್ ರೈಸ್." ಅತ್ತೆ ಕೈ ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು ಜಪಸರ ಕೈಗೆ ತಗೊಂಡರು. "ಯು ಆರ್ ಹೋಲ್ಡಿಂಗ್ ಬೀಡ್ಸ್." ಸರ ಕೆಳಗಿಟ್ಟು ನೀರು ಕುಡಿದರು. "ಯು ಆರ್ ಡ್ರಿಂಕಿಂಗ್." ದಿನಾ ಹೀಗೆಯೇ ಆಯಿತು. ನಾನು ಬಂದು ಕೂತರೆ ಸಾಕು, ಅವರು ಒಂದಾದ ಮೇಲೊಂದು ಏನಾದರೂ ಮಾಡುವರು. ಬೇಕಿಲ್ಲದಿದ್ದರೂ ಸೆರಗು ಹೊದ್ದು ತೆಗೆಯುವರು, ಮೊರ ಎತ್ತಿ ಇಡುವರು. ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡೆ. ಆದರೂ ಬಿಡಲಿಲ್ಲ, ಅಣಕವಾದರೇನು, ನನ್ನ ಪಾಠ ನಡೆಯಿತಲ್ಲ.

ಒಮ್ಮೆ ಪಡಸಾಲೆ ಗುಡಿಸುತ್ತಿದ್ದವಳಿಗೆ ಯಾಕೋ ಗಂಡನ ನೆನಪಾಗಿ ಕಣ್ಣು ತುಂಬಿ ಬಂತು. ಕಸಬರಿಗೆ ಹಿಡಿದು ನಿಂತುಬಿಟ್ಟೆ. ಬಾಯಿ ಮಾತ್ರ ರೂಢಿಯಂತೆ "ಆಯ್ ಆಮ್ ಸ್ವೀಪಿಂಗ್, ಆಯ್ ಆಮ್ ಸ್ವೀಪಿಂಗ್," ಎನ್ನುತ್ತಿತ್ತು. ಅತ್ತೆ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಕಸಬರಿಗೆಯ ಸಪ್ಪಳ ಕೇಳಿಸಿರಲಿಲ್ಲ ಅವರಿಗೆ! ಕಾಣದ ಮುದುಕಿ ನನ್ನ ಸುಳ್ಳು ಹಿಡಿದಿದ್ದರು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಧೂಳೆಲ್ಲ ಅವರ ಕಡೆಗೇ ಹಾರುವಂತೆ ಗುಡಿಸಿದೆ.

ದೀಪಾವಳಿ ಕಳೆದ ಮೇಲೆ ಮಾವನೇ ರೈಲಿನಲ್ಲಿ ಬೆಳಗಾವಿಗೆ ಕರೆದುಕೊಂಡು ಹೋದರು. ದವಾಖಾನೆಯಲ್ಲಿ ಎಲ್ಲ ಬಿಳಿ ಗೋಡೆ. ಡಾಕ್ಟರ್‌ಬಾಯಿ ಎತ್ತರದ ಹೆಂಗಸು, ಕೆಂಪು ಮೂಗು. ಕೈ ತೊಳೆದುಕೊಂಡು ನನ್ನ ಕಡೆ ನೋಡಿದರು. "ಯು ಆರ್ ವಾಷಿಂಗ್ ಹ್ಯಾಂಡ್ಸ್," ಅಂದೆ. ಬಟ್ಟೆ ಮಡಚಿದರು, ಕಿಟಕಿ ತೆರೆದರು, ಸೀಸೆಯಿಂದ ಔಷಧ ಸುರಿದರು. ಎಲ್ಲಕ್ಕೂ ಹೇಳಿದೆ. ಕೊನೆಗೆ ಕುರ್ಚಿಯಲ್ಲಿ ಕೂತು ಕೈ ಕಟ್ಟಿ ಸುಮ್ಮನಾದರು. ಕೈ ಅಲುಗದು, ಬಾಯಿ ಅಲುಗದು. ನನ್ನ ಹಿಂದೆ ನಿಂತಿದ್ದ ಇನ್ನೊಬ್ಬಳು ಗಾಬರಿಯಾಗಿ ಉಸಿರೆಳೆದಳು. ನನಗೆ ಯಾವ ಗಾಬರಿ? ಸುಮ್ಮನೆ ಕೂತ ಹೆಂಗಸಿನ ಎದುರು ವರ್ಷಗಟ್ಟಲೆ ನಿಂತವಳು ನಾನು.

"ಯು ಆರ್ ಸಿಟಿಂಗ್," ಅಂದೆ. "ಯು ಆರ್ ನಾಟ್ ಟಾಕಿಂಗ್." ಇಷ್ಟು ಸಾಕಿತ್ತು. ಆದರೆ ಇನ್ನೊಂದು ತಾನಾಗಿಯೇ ಹೊರಗೆ ಬಂತು: "ಆಯ್ ಆಮ್ ವೇಟಿಂಗ್."

ಡಾಕ್ಟರ್‌ಬಾಯಿ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. ಸೋಮವಾರ ಗಂಟು ಕಟ್ಟಿಕೊಂಡು ಬಾ ಎಂದು ಒಬ್ಬ ನರ್ಸ್ ಕನ್ನಡದಲ್ಲಿ ತಿಳಿಸಿದಳು.

ಸೋಮವಾರ ಬೆಳಗ್ಗೆ ಚಕ್ಕಡಿ ಬಾಗಿಲಿಗೆ ಬಂತು. ಗಂಟು ಹೊರಗಿಟ್ಟು ಅತ್ತೆಯ ಕಾಲಿಗೆ ಬಿದ್ದೆ. ಅವರ ಕೈ ನನ್ನ ತಲೆಯ ಮೇಲೆ ಬಂತು, ಬಾಯಿಂದ ಏನೂ ಬರಲಿಲ್ಲ. ಕಾದೆ. ಎಷ್ಟು ಅಂತ ಕಾಯಲಿ? ತಡೆದಿದ್ದೆಲ್ಲ ಒಡೆದು ಬಂತು.

"ಅತ್ತಿ, ಇವತ್ತರ ಒಂದು ಮಾತಾಡ್ರಿ! ಬೈರಿ, ಶಾಪಾ ಹಾಕ್ರಿ. ನನ್ನ ಮಗನ್ನ ನೀನ ತಿಂದಿ ಅಂತ ಬಾಯಿಬಿಟ್ಟು ಅನ್ರಿ. ಕಂಬಕ್ಕ ಮಾತ್ರ ಹೇಳಬ್ಯಾಡ್ರಿ!"

ಅತ್ತೆಯ ಕೈ ಪಕ್ಕದ ಮೊರಕ್ಕೆ ತಾಗಿತು. ಮೊರದ ಅಕ್ಕಿ ನೆಲಕ್ಕೆ ಚೆಲ್ಲಿತು. ಅಷ್ಟೇ. ನಾನು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದೆ.

ಚಕ್ಕಡಿಯ ಹತ್ತಿರ ನಿಂತ ಮಾವ ಎಲ್ಲ ಕೇಳಿಸಿಕೊಂಡಿದ್ದರು. "ಹೀರಾ, ಇಲ್ಲಿ ಬಾ. ಭರಮಪ್ಪ ಮಲಗಿದಾಗ ನಾ ಎಲಿ ಅಡಿಕಿ ಬಿಟ್ಟೆ, ನೀ ಮಾವಿನಹಣ್ಣ ಬಿಟ್ಟಿ. ನಿಮ್ಮತ್ತಿ ಏನ ಬಿಟ್ಲು, ಗೊತ್ತೈತೇನು?"

"ಏನೂ ಬಿಟ್ಟಿಲ್ರಿ ಮಾವಾರ. ಎಲ್ಲಾ ತಿಂತಾರ."

"ನಿನ್ನ ಬಿಟ್ಲು," ಎಂದರು ಮಾವ. "‘ನನ್ನ ಹೀರಾನ ಕೂಡ ಮಾತಾಡೂದು ಬಿಡ್ತೀನವ್ವಾ, ಜೀವ ಇರೋತನಕ. ಅದಕ್ಕಿಂತ ಪ್ರೀತೀದ್ದು ನನ್ನ ಕಡೆ ಏನೂ ಇಲ್ಲ,’ ಅಂತ ಪದ್ಮಾವತಿ ಮುಂದ ಅಂದ್ಲು. ಬೆನ್ನಿಗೆ ನಿಂತಾಂವ ನಾ ಕೇಳೀನಿ. ನೇಮ ಹೊರಗ ಹೇಳಬಾರದು ಅಂತ ನನ್ನ ಕಡೆ ಆಣಿ ಹಾಕಿಸಿದ್ಲು. ಇವತ್ತು ಮುರದೀನಿ. ಪಾಪ ನನಗ ಇರಲಿ."

"ಅವರು ಹೋದಮ್ಯಾಲ ಆ ನೇಮಾ ಬಿಡಬಹುದಿತ್ತಲ್ರೀ?"

"ದೇವರಿಗೆ ಕೊಟ್ಟದ್ದು ಹೊಳ್ಳಿ ಹೆಂಗ ಇಸ್ಕೊಳ್ಳೂದವ್ವಾ?"

ನಾನು ಒಳಗೆ ಓಡಿದೆ. ಅತ್ತೆ ಚೆಲ್ಲಿದ ಅಕ್ಕಿಯನ್ನು ತಡಕಾಡಿ ಬಳಿಯುತ್ತಿದ್ದರು. ಎದುರಿಗೆ ಕುಸಿದು ಕೂತೆ. ಏಳು ವರ್ಷ ಇವರ ಬಗ್ಗೆ ಏನೇನೆಲ್ಲ ಅಂದುಕೊಂಡಿದ್ದೆ! ನಮ್ಮ ಮಾತಿನಲ್ಲಿ ಏನು ಕೇಳಿದರೂ ಅವರು ಉತ್ತರ ಕೊಡುವ ಹಾಗಿಲ್ಲ. ಅವರ ಕೆನ್ನೆ ಒದ್ದೆಯಾಗಿತ್ತು.

"ಯು ಆರ್ ಕ್ರೈಯಿಂಗ್," ಅಂದೆ.

ಅತ್ತೆಯ ಮುಖ ತಿರುಗಿತು. ಕಂಬದ ಕಡೆಗಲ್ಲ, ನನ್ನ ಕಡೆಗೆ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು.

"ಯು... ಆರ್... ಗೋಯಿಂಗ್."

ಅಯ್ಯೋ ದೇವರೇ! ಮಾತಲ್ಲ ಅದು, ಸಪ್ಪಳ. ಅದಕ್ಕೇ ಅಂದು ಹಾಗೆ ಹೇಳಿದ್ದರು. ನಾನು ಎದುರಿಗೆ ಕೂತು ಒದರಿದ್ದನ್ನೆಲ್ಲ ಅವರು ಒಂದೊಂದಾಗಿ ಕಲಿತಿದ್ದರು, ನೇಮ ಮುರಿಯದೆ ನನ್ನ ಜೊತೆ ಒಂದು ಸಲವಾದರೂ ಬಾಯಿ ಬಿಡಬೇಕೆಂದು.

"ಆಯ್ ಆಮ್ ಗೋಯಿಂಗ್," ಎಂದೆ. ಎನ್ನುತ್ತ ಅವರ ಎರಡೂ ಕೈ ಹಿಡಿದು ಅಲ್ಲೇ ಕೂತಿದ್ದೆ.

ಅತ್ತೆ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಹೆಜ್ಜೆಯ ಸಪ್ಪಳ ಕೇಳಿಸಿರಲಿಲ್ಲವಲ್ಲ. ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡು ನನ್ನನ್ನು ಬಾಗಿಲ ಕಡೆ ತಳ್ಳಿದರು.

ಎದ್ದೆ. ಅವರಿಗೆ ಕೇಳಿಸಲಿ ಎಂದು ಹಿಮ್ಮಡಿ ಊರಿ ಊರಿ ನಡೆದೆ. "ಆಯ್ ಆಮ್ ಗೋಯಿಂಗ್, ಅತ್ತಿ. ಆಯ್ ಆಮ್ ಗೋಯಿಂಗ್." ಒಳಗಿನಿಂದ ಅವರ ದನಿಯೂ ನನ್ನ ಹೆಜ್ಜೆಗೆ ಸರಿಯಾಗಿ ಬರುತ್ತಿತ್ತು. ಚಕ್ಕಡಿ ಹೊರಟ ಮೇಲೆ ಗಾಲಿಯ ಗದ್ದಲದಲ್ಲಿ ಕೇಳಿಸದೇ ಹೋದೀತೆಂದು ಅತ್ತೆ ಇನ್ನೂ ಜೋರಾಗಿ ಕೂಗಿದರು, ಮಾವ ಎತ್ತುಗಳನ್ನು ನಿಧಾನವಾಗಿ ಹೊಡೆದರು.