ಅರ್ಧ ಓದಿದ ಕಾದಂಬರಿ

ಬ್ಯೂಟಿ ಪಾರ್ಲರಿನ ಅಕ್ಕನಿಗೆ ಒಂದು ಕಾದಂಬರಿಯ ನಾಯಕಿಯ ಮೇಲೆ ಸಿಟ್ಟಿತ್ತು. ಸವತಿಯ ಮೇಲೂ ಅಂಥ ಸಿಟ್ಟು ಇರುವುದಿಲ್ಲ ಬಿಡಿ. ಕಾಲೇಜಿನಲ್ಲಿ ಪಾಠಕ್ಕಿದ್ದ, ಲೋಕವೆಲ್ಲ ಹೊಗಳುವ ಹಳೆಯ ಕಾದಂಬರಿ ಅದು. ಮಲಗಿದ್ದ ಮಗಳನ್ನು ಬಿಟ್ಟು ನಾಯಕಿ ಮನೆಯಿಂದ ಹೊರಟುಹೋದ ಪುಟದಲ್ಲೇ ಇವಳು ಪುಸ್ತಕ ಮುಚ್ಚಿಟ್ಟಿದ್ದಳು. ಮುಚ್ಚದೆ ಇನ್ನೇನು? ಇವಳ ಅಮ್ಮ ಹೋದದ್ದೂ ಹಾಗೆಯೇ. ಹೋದವಳು ತಿರುಗಿಯೂ ನೋಡಲಿಲ್ಲ ಎಂದು ಸಾಕಿ ಬೆಳೆಸಿದ ಸೋದರತ್ತೆ ಹೇಳುತ್ತಿದ್ದಳು.

ಈಗ ಆ ಅಮ್ಮ ಆಸ್ಪತ್ರೆಯಲ್ಲಿದ್ದಳು. ಅಲ್ಲಿ ನೋಡಿಕೊಳ್ಳುತ್ತಿದ್ದ ಅಮ್ಮನ ಪಕ್ಕದ ಮನೆಯಾಕೆ ಎರಡು ಸಲ ಫೋನ್ ಮಾಡಿ, ನಿನ್ನನ್ನು ನೋಡಬೇಕಂತೆ, ಒಮ್ಮೆ ಬಂದು ಹೋಗಮ್ಮ ಎಂದಿದ್ದಳು. ತಿರುಗಿ ನೋಡದವಳ ಮುಖ ನಾನೇಕೆ ನೋಡಲಿ, ಬರುವುದಿಲ್ಲ ಎಂದು ಇವಳು ಖಡಾಖಂಡಿತವಾಗಿ ಹೇಳಿಬಿಟ್ಟಳು. ಅದೇ ಬಿಸಿಯಲ್ಲಿ, ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಟೀಚರಮ್ಮನ ಮುಂದೆ ಆ ನಾಯಕಿಗೂ ಮಂಗಳಾರತಿ ಎತ್ತಿದಳು. ಟೀಚರಮ್ಮ ಸುಮ್ಮನಿರುವ ಪೈಕಿಯೇ? ಅರ್ಧ ಓದಿ ಪೂರ್ತಿ ಬೈಯಬೇಡ ಎಂದು ಮರುದಿನ ಪುಸ್ತಕವನ್ನೇ ತಂದು ಕೈಗಿಟ್ಟಳು.

ಗಿರಾಕಿಗಳಿಲ್ಲದ ಮಧ್ಯಾಹ್ನ ಓದಿದಳು. ನಾಯಕಿ ತಿರುಗಿ ಬರುತ್ತಾಳೆ. ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ಯಾರೂ ಚಿಲಕ ತೆಗೆಯುವುದಿಲ್ಲ. ಇವಳು ಆ ಸಾಲಿನ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದಳು. ಚಿಕ್ಕವಳಿದ್ದಾಗ ಒಂದು ಸಂಜೆ ಬಾಗಿಲು ಬಡಿದ ಸದ್ದಾಗಿತ್ತು. ಯಾರು ಎಂದು ಕೇಳಿದ್ದಕ್ಕೆ ಅತ್ತೆ ಇವಳನ್ನು ಬಿಗಿಯಾಗಿ ತಬ್ಬಿಕೊಂಡು, ಗಾಳಿ ಎಂದಿದ್ದಳು.

ಸಂಜೆ ದಿನದಂತೆ ಅತ್ತೆಯ ತಲೆ ಬಾಚಿ ಹೆರಳು ಹಾಕುತ್ತ ಕೇಳಿದಳು: “ಅತ್ತೆ, ಅವತ್ತು ಬಾಗಿಲು ಬಡಿದಿದ್ದು ಗಾಳೀನಾ?”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಗಾಳಿ ಅಲ್ಲ ಕಣೇ. ನಿಮ್ಮಮ್ಮ. ನಿನ್ನ ಕರ್ಕೊಂಡು ಹೋಗ್ತಾಳೆ ಅಂತ ಹೆದರಿಬಿಟ್ಟೆ. ನನಗೆ ಇನ್ಯಾರಿದ್ರು ಹೇಳು?”

ಬೈಯಲು ಬಾಯಿ ಬರಲಿಲ್ಲ. ತುತ್ತಿಟ್ಟು ಬೆಳೆಸಿದ ಕೈ ಅದು. ದುಃಖ ಮಾತ್ರ ಒತ್ತರಿಸಿ ಬಂತು. ಹೆರಳನ್ನು ಅರ್ಧಕ್ಕೇ ಬಿಟ್ಟು, ಈಗಲೇ ಹೊರಟು ಬರುತ್ತೇನೆಂದು ಹೇಳಲು ಪಕ್ಕದ ಮನೆಯಾಕೆಗೆ ಫೋನ್ ಮಾಡಿದಳು.

“ಬೆಳಿಗ್ಗೆ ಹೋಗಿಬಿಟ್ರಮ್ಮ,” ಎಂದಳು ಆಕೆ. “ನೀನು ಬರಲ್ಲ ಅಂದಿದ್ದೆಯಲ್ಲ, ಅದಕ್ಕೇ ತಿಳಿಸ್ಲಿಲ್ಲ. ನಿನ್ನೆಯೆಲ್ಲ ಗಾಳಿಗೆ ಬಾಗಿಲು ಅಲುಗಿದ್ರೂ, ಮಗಳು ಬಂದ್ಲಾ ನೋಡು ಅಂತಿದ್ರು.”

ಫೋನ್ ಇಟ್ಟು ಬಂದಾಗ ಅತ್ತೆ ಅರ್ಧ ಹೆಣೆದ ಹೆರಳಲ್ಲೇ ಕುಳಿತಿದ್ದಳು. ಇವಳು ಹಿಂದೆ ಕೂತು, ಅಳುತ್ತಲೇ ಉಳಿದರ್ಧ ಹೆಣೆದಳು.