ತೇಗದ ನೆಲದ ಮೇಲೆ ಊಟ

ಜಯನಗರದ ಮನೆಯನ್ನು ಬಾಡಿಗೆಗೆ ಕೊಡುವಾಗ ಚಕ್ರಪಾಣಿ ಹಾಕಿದ ಷರತ್ತು ಒಂದೇ: ನಡುಮನೆಯ ನೆಲಕ್ಕೆ ನೀರು ಸೋಕಬಾರದು. ದಂಡು ಪ್ರದೇಶದ ಕಡೆ ಯಾವನೋ ಇಂಗ್ಲಿಷ್ ದೊರೆಯ ಬಂಗಲೆ ಕೆಡವಿದಾಗ ತಂದು ಹಾಕಿಸಿದ ತೇಗದ ಹಲಗೆ ಅದು. ಕಲೆ ಕಂಡರೆ ಮನೆ ಖಾಲಿ.

ವಿಮಲಾ ಒಪ್ಪಿದಳು. ಅವಳ ಮಾವ ಗಂಗಾಧರಯ್ಯ ಒಪ್ಪಲಿಲ್ಲ. ಎರಡು ಹೊತ್ತೂ ನಡುಮನೆಯ ಕಿಟಕಿಯ ಕೆಳಗೆ ಅದೇ ಜಾಗದಲ್ಲಿ ಕೂತು, ಎಲೆಯ ಸುತ್ತ ನೀರು ಕಟ್ಟಿ, ಆಮೇಲೆಯೇ ತುತ್ತು ಎತ್ತುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ತೇಗದ ಮೇಲೆ ಎಲೆಯ ಆಕಾರದ್ದೇ ಒಂದು ಬಿಳಿ ಚೌಕಟ್ಟು ಮೂಡಿತು.

ಭಾನುವಾರ ನೆಲ ನೋಡಲು ಬರುತ್ತೇನೆಂದು ಚಕ್ರಪಾಣಿ ಹೇಳಿ ಕಳಿಸಿದರು. ಮನೆ ಬಿಟ್ಟರೆ ವಿಮಲಾ ಓರಗಿತ್ತಿಯ ಅಡುಗೆಮನೆಗೆ ಮರಳಬೇಕು. ಅಲ್ಲಿ ಉಪ್ಪಿನ ಡಬ್ಬಿಗೂ ಬೀಗ.

ಪಕ್ಕದ ಮನೆಯ ಗಿರಿಜಾದೇವಿ ಹೇಳಿದಂತೆ ಕೊಬ್ಬರಿ ಎಣ್ಣೆಗೆ ವಿಭೂತಿ ಕಲಸಿ ತಿಕ್ಕಿದಳು. ಸುತ್ತಲಿನ ಹಲಗೆ ಥಳಥಳ ಹೊಳೆಯಿತು. ಕಲೆ ಇನ್ನೂ ಚೆನ್ನಾಗಿ ಕಂಡಿತು.

"ನನ್ನ ವಿಭೂತಿ ಎಲ್ಲಮ್ಮಾ?" ಎಂದರು ಗಂಗಾಧರಯ್ಯ.

"ನೆಲಕ್ಕೆ ಹಚ್ಚಿದೆ, ಮಾವ."

"ಯಾಕೆ, ನೆಲಕ್ಕೂ ಉಪನಯನ ಆಯ್ತೇ?"

ಭಾನುವಾರ ಬಾಗಿಲು ತಟ್ಟಿದ ಸದ್ದಿಗೆ ವಿಮಲಾಳ ಗಂಡ ರಾಮಪ್ರಸಾದ ಮೊಸರು ತರುವ ನೆಪದಲ್ಲಿ ಹಿತ್ತಿಲಿನಿಂದ ಹೊರಟುಹೋದ. ವಿಮಲಾ ಮನೆಯಲ್ಲಿದ್ದ ಅತಿ ದೊಡ್ಡ ಬಾಳೆಲೆಯನ್ನು ಕಲೆಯ ಮೇಲೆಯೇ ಹಾಸಿದಳು.

"ಮೊದಲು ಊಟ ಮಾಡಿ ಸಾರ್. ಬಿಸಿಬೇಳೆ ಭಾತು ಆರಿದ್ರೆ ಚೆನ್ನಾಗಿರಲ್ಲ."

ಚಕ್ರಪಾಣಿ ಪ್ಯಾಂಟಿನ ಮಂಡಿ ಎಳೆದುಕೊಂಡು ಕಷ್ಟಪಟ್ಟು ಕೂತರು. "ನಮ್ಮನೇಲಿ ಟೇಬಲ್ ಊಟ ಕಣಮ್ಮ. ನೆಲಕ್ಕೆ ಕೂತು ಎಷ್ಟು ಕಾಲ ಆಯ್ತೋ!"

ಭಾತಿಗೆ ತುಪ್ಪ ಬಿತ್ತು. ಬೈಯಲು ಬಂದವರ ಕಣ್ಣು ತಾನಾಗಿ ಮುಚ್ಚಿತು. ಬಲಗೈ ಲೋಟದ ನೀರನ್ನು ಬಗ್ಗಿಸಿಕೊಂಡು ಎಲೆಯ ಸುತ್ತ ಧಾರಾಳವಾಗಿ ಹರಿಸಿತು.

ಎದುರು ಕೂತಿದ್ದ ಗಂಗಾಧರಯ್ಯ ಮೆಚ್ಚಿಗೆಯಿಂದ ತಲೆದೂಗಿದರು.

ಊಟವಾಯಿತು. ವಿಮಲಾ ನಿಂತೇ ಇದ್ದಳು.

"ಎಲೆ ತೆಗೀಮ್ಮ, ಎಡಗೈ ಊರಿ ಏಳ್ಬೇಕು."

ತೆಗೆದಳು. ಚಕ್ರಪಾಣಿ ಚೌಕಟ್ಟನ್ನು ನೋಡಿದರು. ಅದರ ಅಂಚಿನಲ್ಲಿ ಇನ್ನೂ ಹೊಳೆಯುತ್ತಿದ್ದ ನೀರನ್ನು ನೋಡಿದರು. ತಮ್ಮ ಬಲಗೈ ನೋಡಿಕೊಂಡರು.

"ಒಂದು ಊಟಕ್ಕೆ ಇಷ್ಟು ಕಲೆ ಆಗತ್ತೇನ್ರೀ?"

"ತಮ್ಮ ಕೈ ಧಾರಾಳ," ಎಂದರು ಗಂಗಾಧರಯ್ಯ. "ನಾವೇನೂ ತಪ್ಪು ತಿಳ್ಕೊಳಲ್ಲ ಬಿಡಿ."

ಚಕ್ರಪಾಣಿಯ ಮುಖ ಕೆಂಪಾಯಿತು. ಎದ್ದು ಕೈ ತೊಳೆದು ಬಂದರು. ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತ, ತಲೆ ಎತ್ತದೆಯೇ ಕೇಳಿದರು:

"ಆ ಕಲೆಗೇನು ಹಚ್ಚಿದ್ರಮ್ಮಾ?"

"ವಿಭೂತಿ ಸಾರ್," ಎಂದಳು ವಿಮಲಾ.

"ಹೋಗತ್ತಾ?"

"ಇಲ್ಲ."

"ಹಂಗಾದ್ರೆ ಮೇಲೊಂದು ಚಾಪೆ ಹಾಕ್ಬಿಡಿ. ನಮ್ಮ ಮನೆಯವ್ರು ಬಂದ್ರೆ, ನಾನು ನೀರು ಕಟ್ಟಿದ್ದು ಹೇಳ್ಬೇಡಿ."

ಅವರು ರಸ್ತೆ ತಿರುಗಿದ ಮೇಲೆ ರಾಮಪ್ರಸಾದ ಮೊಸರಿನ ಕುಡಿಕೆ ಹಿಡಿದು ಒಳಗೆ ಇಣುಕಿದ.

"ಏನಾಯ್ತು? ಗಂಟು ಕಟ್ಟೋದಾ?"

"ಚಾಪೆ ತನ್ನಿ," ಎಂದಳು ವಿಮಲಾ.